ಮೊದಲ ಆಟಕ್ಕೆ ಯಾವ ಕ್ಲಾಸ್? ನಾಲ್ಕು ಆಡಿ ನೋಡಿದ ಮೇಲೆ

ತುಮಕೂರಿನ ಎಸ್.ಎಸ್.ಪುರಂನಲ್ಲಿ ನಮ್ಮ ಮನೆ ಮಹಡಿ ಮೇಲೆ ಭಾನುವಾರ ಸಂಜೆ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರೂ ಒಂದು ಪಾತ್ರ ಹಿಡಿದು, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಇದು. ಆ ಪಾತ್ರದ ಬಗೆಯೇ ಕ್ಲಾಸ್. 2014ರ ಐದನೇ ಆವೃತ್ತಿಯ ನಿಯಮಗಳು. ಬೊಂಬೆ ಕೊಳ್ಳಲು ದುಡ್ಡಿಲ್ಲ, ಹುಣಸೆ ಬೀಜಗಳೇ ಆಟದ ಪುಟ್ಟ ರಾಕ್ಷಸರು, ಅಂದರೆ ಗಾಬ್ಲಿನ್‌ಗಳು.

ನಾನು ಶುರು ಮಾಡಿದ್ದು ವಿಝರ್ಡ್, ಅಂದರೆ ಮಂತ್ರವಾದಿ ಆಗಿ. ಮಂತ್ರ ಹಾಕುವ ಆಸೆ ಯಾರಿಗಿಲ್ಲ? ಮೊದಲ ಲೆವೆಲ್‌ನಲ್ಲಿ ಪುಸ್ತಕದಲ್ಲಿ 6 ಮಂತ್ರ ಇರುತ್ತವೆ. ಅವುಗಳಲ್ಲಿ 4 ಆರಿಸಿಕೊಂಡೆ. ಆದರೆ ಅವನ್ನು ಹಾಕಲು ಇದ್ದ ಸ್ಲಾಟ್ ಎರಡೇ, ಅಂದರೆ ಎರಡೇ ಸಲ ಹಾಕಬಹುದು. ಈಗ ಖರ್ಚು ಮಾಡಲೋ, ಉಳಿಸಲೋ ಅಂತ ಯೋಚಿಸುತ್ತಾ ಕೂತರೆ ಉಳಿದ ನಾಲ್ವರೂ ಮೊಬೈಲ್ ತೆಗೆಯುತ್ತಿದ್ದರು. ನನ್ನ ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಶಕ್ತಿ, ಬರೀ 7. ಗಾಬ್ಲಿನ್ ಕತ್ತಿಯ ಪೂರ್ತಿ ಏಟು 8. ಲೆಕ್ಕ ನೀವೇ ಹಾಕಿ. ಉಳಿದ ಜಗಳವನ್ನೆಲ್ಲ ನೆಲದ ಮೇಲೆ ಬಿದ್ದುಕೊಂಡು, ಕಡ್ಲೆಪುರಿ ತಿನ್ನುತ್ತಾ ಕಳೆದೆ.

ಆಮೇಲೆ ಬಾರ್ಬೇರಿಯನ್ ಹಿಡಿದೆ, ಸಿಟ್ಟೇ ಬಲವಾದ ಒರಟು ಯೋಧ. ಅಬ್ಬಾ, ಎಷ್ಟು ಹಗುರ! ಹಿಟ್ ಪಾಯಿಂಟ್ ಲೆಕ್ಕದ ದಾಳಕ್ಕೆ 12 ಮುಖ, ಶುರುವಿಗೇ 15 ಹಿಟ್ ಪಾಯಿಂಟ್. ಸಿಟ್ಟು ಬಂತು ಅಂದರೆ ಕತ್ತಿ, ದೊಣ್ಣೆ, ಬಾಣದ ಏಟೆಲ್ಲ ಅರ್ಧಕ್ಕರ್ಧ. ಅದೇ 8ರ ಏಟು ಈಗ 4. ತಪ್ಪು ಜಾಗಕ್ಕೆ ನುಗ್ಗಿದರೂ ಬದುಕುತ್ತೀರಿ. ಹೊಸಬರು ತಪ್ಪು ಜಾಗಕ್ಕೇ ನುಗ್ಗುವುದು, ಅಲ್ವಾ? ನೆನಪಿಡಬೇಕಾದ್ದು ಒಂದೇ: ಸಿಟ್ಟು ದಿನಕ್ಕೆ ಎರಡು ಸಲ ಮಾತ್ರ. ಹೊಸಬರಿಗೆ ಎಲ್ಲರೂ ಹೇಳುವ ಫೈಟರ್, ಅಂದರೆ ಸಾದಾ ಯೋಧನನ್ನೂ ಆಡಿದೆ, ಅದೂ ಸುಲಭವೇ. ಆದರೆ ಮೊದಲ ಲೆವೆಲ್‌ನಲ್ಲಿ ನನಗೆ ಅದು ಸಪ್ಪೆ ಸಾರು.

ಕೊನೆಗೆ ರೋಗ್, ಅಂದರೆ ಚಾಲಾಕಿ ಕಳ್ಳ. 'ನನಗೆ ರೋಗ್ ಬೇಕು' ಅಂತ ಕೂಗಿದ್ದು ಕೆಳಗಿದ್ದ ಅಮ್ಮನಿಗೆ ಕೇಳಿ, ಯಾರಿಗೆ ಏನಾಯ್ತು ಅಂತ ಮೇಲೆ ಓಡಿ ಬಂದರು. ಇದರಲ್ಲಿ ಒಂದು ತೊಡಕಿದೆ. ಶತ್ರುವಿನ ಪಕ್ಕದಲ್ಲಿ ನಮ್ಮವರೊಬ್ಬರು ನಿಂತಿದ್ದರೆ ಕದ್ದು ಹೊಡೆಯುವ ಏಟಿನ, ಅಂದರೆ ಸ್ನೀಕ್ ಅಟ್ಯಾಕ್‌ನ ಹೆಚ್ಚುವರಿ 6 ಮುಖದ ದಾಳ ಸಿಗುತ್ತದೆ. ಅದನ್ನು ನಾನು ಮೂರು ಸಲ ಮರೆತೆ. ಆದರೆ ಜಗಳ ಮುಗಿದ ಮೇಲೂ ನನಗೆ ಕೆಲಸ ಇತ್ತು. ಬೀಗ ತೆಗೆಯುವುದು, ಗೋಡೆ ಹತ್ತುವುದು, ಕಾವಲಿನವನ ಸೊಂಟದಿಂದ ಕೀಲಿ ಎಗರಿಸುವುದು. ಬಾರ್ಬೇರಿಯನ್ ಆಗಿದ್ದಾಗ ಇಂಥ ಹೊತ್ತಿನಲ್ಲಿ ಸುಮ್ನೆ ಕೂತಿರುತ್ತಿದ್ದೆ.

ಹಾಗಾಗಿ ಈಗ ಕ್ಲಾಸ್ ಹೇಳುವ ಮುಂಚೆ ಬಂದವರನ್ನು ನೋಡುತ್ತೇನೆ. ನಾಚಿಕೊಂಡು ಮೂಲೆಯಲ್ಲಿ ಕೂರುವವರಿಗೆ ಬಾರ್ಬೇರಿಯನ್. ತಮ್ಮ ಸರದಿಯಲ್ಲಿ ದಾಳ ಉರುಳಿಸಿದರೆ ಸಾಕು, ಯಾರೂ ಅವರಿಗಾಗಿ ಕಾಯಬೇಕಿಲ್ಲ. ತರಲೆಗಳಿಗೆ ರೋಗ್. ವಿಝರ್ಡೇ ಬೇಕು ಅಂತ ಹಟ ಹಿಡಿದರೆ ಎರಡು ವಾರ ಕಾಯಿಸುತ್ತೇನೆ.

ಮುಂದಿನ ಭಾನುವಾರ ಗುಬ್ಬಿಯಿಂದ ಚಿಕ್ಕಪ್ಪನ ಮಗ ಬರುತ್ತಾನೆ. ಹೋದ ಸಲ ಬಂದಾಗ ನಮ್ಮ ಗಾಬ್ಲಿನ್‌ಗಳನ್ನೇ ಜೇಬಿಗೆ ಹಾಕಿಕೊಂಡು ಹೋಗಿದ್ದ. ಅವನ ಹೆಸರಲ್ಲಿ ರೋಗ್ ಪಾತ್ರದ ಹಾಳೆ ಬರೆದಿಟ್ಟಿದ್ದೇನೆ.