ವೈರಸ್‌ಟೋಟಲ್: ಫೈಲಿಗೆ ಸೈ, ಗಾಳಿಸುದ್ದಿಗೆ ಅಲ್ಲ

ಮೇಲ್‌ನಲ್ಲಿ ಅನುಮಾನ ಹುಟ್ಟಿಸುವ ಅಟ್ಯಾಚ್‌ಮೆಂಟ್ ಬಂದರೆ ನಾನು ಮೊದಲು ಹೋಗುವುದು ವೈರಸ್‌ಟೋಟಲ್‌ಗೆ. 2004ರಲ್ಲಿ ಸ್ಪೇನ್‌ನಲ್ಲಿ ಶುರುವಾದ ಸೈಟು, 2012ರಲ್ಲಿ ಗೂಗಲ್ ಪಾಲಾಯಿತು. ದುಡ್ಡು ಕೊಡಬೇಕಿಲ್ಲ, ಅಕೌಂಟೂ ಬೇಡ. ಫೈಲನ್ನು ತೆರೆಯದೆ ಸೇವ್ ಮಾಡಿಕೊಂಡು ಅಲ್ಲಿ ಹಾಕಿದರೆ ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೇ ಅದನ್ನು ಜಾಲಾಡಿ ತಮ್ಮ ತೀರ್ಪು ಹೇಳುತ್ತವೆ. ಲಿಂಕ್ ಆದರೆ ಒತ್ತಲೇಬೇಡಿ, ಕಾಪಿ ಮಾಡಿ ಅಂಟಿಸಿ.

ಆದರೆ ಆ ತೀರ್ಪನ್ನು ಓದುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಮೂವತ್ತು ನಲವತ್ತು ಕಡೆ ಕೆಂಪು ಬಂದರೆ ಸುಮ್ನೆ ಡಿಲೀಟ್ ಮಾಡಿ. ಹೆಸರೇ ಕೇಳದ ಒಂದೆರಡು ಮಾತ್ರ ಕೂಗಿಕೊಂಡರೆ ಅದು ಸುಳ್ಳು ಗಾಬರಿಯೂ ಇರಬಹುದು. ತಲೆನೋವು ಇರುವುದು ಸೊನ್ನೆ ಬಂದಾಗ. ಈಗಷ್ಟೇ ಹುಟ್ಟಿದ ನಕಲಿ ಲಾಗಿನ್ ಪುಟವನ್ನು ಇನ್ನೂ ಯಾರೂ ನೋಡಿರುವುದಿಲ್ಲ, ಹಾಗಾಗಿ ಎಲ್ಲರೂ ಹಸಿರು ತೋರಿಸುತ್ತಾರೆ, ನಾವು ನಂಬಿ ಪಾಸ್‌ವರ್ಡ್ ಕೊಟ್ಟುಬಿಡುತ್ತೇವೆ.

ಇನ್ನೊಂದು ತಕರಾರು. ಹಾಕಿದ ಫೈಲು ನಿಮ್ಮ ಹತ್ತಿರ ಮಾತ್ರ ಉಳಿಯಲ್ಲ, ಸೆಕ್ಯುರಿಟಿ ಕಂಪನಿಗಳಿಗೂ ದುಡ್ಡು ಕೊಟ್ಟ ಗ್ರಾಹಕರಿಗೂ ಸಿಗುತ್ತದೆ. ಖಾಸಗಿ ಮಾಹಿತಿ ಹಾಕಬೇಡಿ ಅಂತ ಸೈಟಿನಲ್ಲೇ ಬರೆದಿದ್ದಾರೆ, ಆದರೆ ಅದನ್ನು ಓದುವವರು ಯಾರು? ಸಂಬಳದ ಚೀಟಿ, ಗುರುತಿನ ಚೀಟಿ ಇಂಥವನ್ನೆಲ್ಲ ಅಲ್ಲಿ ಹಾಕಲೇಬೇಡಿ. ಈ ಸೈಟಿಗೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಒಂದು ಕಳೆದದ್ದು ಇದಕ್ಕೇ.

ಮತ್ತೆ, 'ಭಯಂಕರ ವೈರಸ್ ಬಂದಿದೆ, ಎಲ್ಲರಿಗೂ ಕಳಿಸಿ' ಅನ್ನೋ ಮೇಲ್‌ಗಳಿಗೆ ಇದು ಉಪಯೋಗಕ್ಕೆ ಬರಲ್ಲ. ಅದರಲ್ಲಿ ಫೈಲೂ ಇಲ್ಲ, ಲಿಂಕೂ ಇಲ್ಲ, ಏನನ್ನು ಪರೀಕ್ಷೆ ಮಾಡ್ತೀರಿ? 2002ರಲ್ಲಿ ಓಡಾಡಿದ ಇಂಥದೊಂದು ಮೇಲ್ ನೆನಪಿದೆಯಾ? ನಿಮ್ಮ ಕಂಪ್ಯೂಟರಿನಲ್ಲಿ ಕರಡಿಮರಿ ಐಕಾನ್ ಇರುವ ಫೈಲ್ ಇದೆಯಾ ನೋಡಿ, ಇದ್ದರೆ ಅದೇ ವೈರಸ್, ಹದಿನಾಲ್ಕು ದಿನ ಸುಮ್ಮನಿದ್ದು ಆಮೇಲೆ ಎಲ್ಲ ಹಾಳು ಮಾಡುತ್ತೆ, ಆಂಟಿವೈರಸ್‌ಗೂ ಸಿಗಲ್ಲ ಅಂತ. ಹುಡುಕಿದರೆ ಇದ್ದೇ ಇರುತ್ತಿತ್ತು, ಯಾಕೆಂದರೆ ಅದು ವಿಂಡೋಸ್‌ನದೇ ಫೈಲು, ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಸಂಬಂಧಪಟ್ಟದ್ದು. ಜನ ತಾವೇ ಕೈಯಾರೆ ಅಳಿಸಿ, ಗೊತ್ತಿದ್ದವರಿಗೆಲ್ಲ ಡಂಗುರ ಸಾರಿದರು. ವೈರಸ್ ಮಾಡಬೇಕಾದ ಕೆಲಸವನ್ನು ಮನುಷ್ಯರೇ ಮಾಡಿ ಮುಗಿಸಿದರು, ಅಲ್ವಾ!

ಇಂಥದ್ದಕ್ಕೆ ಸ್ನೋಪ್ಸ್ ವಾಸಿ. 1994ರಿಂದ ಗಾಳಿಸುದ್ದಿಗಳ ಬೆನ್ನು ಹತ್ತಿದ ಸೈಟದು. ಮೇಲ್‌ನ ಒಂದು ಸಾಲನ್ನು ಹಾಗೇ ಕಾಪಿ ಮಾಡಿ ಹುಡುಕಿದರೂ ಸಾಕು, ಅದೇ ಸಾಲು ಎಷ್ಟೋ ವರ್ಷದ ಹಿಂದಿನ ಮೇಲ್‌ನಲ್ಲೂ ಸಿಕ್ಕಿಬೀಳುತ್ತದೆ, ಎಚ್ಚರಿಕೆ ಕೊಟ್ಟಿದೆ ಅಂತ ಹೇಳಿಕೊಳ್ಳುವ ಕಂಪನಿಯ ಹೆಸರು ಮಾತ್ರ ಬದಲಾಗಿರುತ್ತೆ.