ಮೂಳೆ, ಈಲಿ, ಗರಿ ಸಮೇತ: ಟೇಗುವಿಗೆ ಒಪ್ಪುವ ಪುಣೆಯ ಸಾಸೇಜು

ಪುಣೆಯ ಕೋಥ್ರೂಡ್‌ನಲ್ಲಿ ಬೆಳಗಾವಿ ಕಡೆಯ ದಂಪತಿ ನಡೆಸುವ ಸಣ್ಣ ಘಟಕವೊಂದು ಸಾಕಿದ ಸರೀಸೃಪಗಳಿಗೆಂದೇ ತಯಾರಿಸುವ ಫ್ರೋಜನ್ ಸಾಸೇಜನ್ನು ಕಳೆದ ಬೇಸಿಗೆಯಿಂದ ನಮ್ಮ ಅರ್ಜೆಂಟೀನಾ ಟೇಗುವಿಗೆ, ಅಂದರೆ ದಕ್ಷಿಣ ಅಮೆರಿಕ ಮೂಲದ ದೊಡ್ಡ ಹಲ್ಲಿಗೆ, ಕೊಡುತ್ತಿದ್ದೇವೆ. ಫಾರ್ಮಿನ ಕ್ವೈಲ್ ಹಕ್ಕಿಯನ್ನು ಮೂಳೆ, ಈಲಿ (ಯಕೃತ್ತು), ಗುಂಡಿಗೆ, ಗರಿ ಯಾವುದನ್ನೂ ಬೇರ್ಪಡಿಸದೆ ಅರೆದು, ತೆಳುವಾದ ಕೊಲಾಜನ್ ಹೊದಿಕೆಯಲ್ಲಿ ತುಂಬಿ ಮಾರುತ್ತಾರೆ. ಟೇಗು ಸಾಕಿದವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ.

ಪೇಟೆಯಲ್ಲಿ ಸುಲಭವಾಗಿ ಸಿಗುವ ಬೋನ್‌ಲೆಸ್ ಕೋಳಿಮಾಂಸವನ್ನೇ ಹಾಕಿ ಇಂಥ ಪ್ರಾಣಿಗಳನ್ನು ಸಾಕುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕೆ ಸಮನಾಗಿ ಅಥವಾ ಅದರ ಎರಡು ಪಟ್ಟಿನವರೆಗೆ ಇರಬೇಕು. ಬರೀ ಮಾಂಸದಲ್ಲಾದರೋ ರಂಜಕವೇ ಹತ್ತು ಪಟ್ಟಿಗೂ ಹೆಚ್ಚು. ಆ ಕೊರತೆಯನ್ನು ದೇಹವು ತನ್ನ ಎಲುಬಿನಿಂದಲೇ ತುಂಬಿಕೊಳ್ಳುವುದರಿಂದ ದವಡೆ ಮೆತ್ತಗಾಗುತ್ತದೆ, ಬೆನ್ನು ಬಾಗುತ್ತದೆ, ಕಾಲುಗಳು ನಡುಗುತ್ತವೆ. ಇಡೀ ಪ್ರಾಣಿಯನ್ನು ತಿಂದಾಗ ಮೂಳೆಯಿಂದ ಕ್ಯಾಲ್ಸಿಯಂ, ಈಲಿಯಿಂದ ವಿಟಮಿನ್ ಎ ತಾವಾಗಿಯೇ ಒದಗುತ್ತವೆ. ಹಾಗೆಂದು ಯುವಿಬಿ, ಅಂದರೆ ನೇರಳಾತೀತ ಕಿರಣ ಬೀರುವ ದೀಪವನ್ನು ಕೈಬಿಡುವಂತಿಲ್ಲ. ಆ ಕಿರಣದಿಂದ ಚರ್ಮದಲ್ಲಿ ತಯಾರಾಗುವ ವಿಟಮಿನ್ ಡಿ3 ಸಾಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ.

ಕರಗಿದ ತುಂಡನ್ನು ಬೆರಳುಗಳ ನಡುವೆ ಹಿಸುಕಿದರೆ ಮೂಳೆಯ ಚೂರುಗಳು ಚಿರೋಟಿ ರವೆಯಂತೆ ಕೈಗೆ ಹತ್ತುತ್ತವೆ, ಗರಿಯ ತುಣುಕುಗಳು ಕಪ್ಪಗೆ ಅಲ್ಲಲ್ಲಿ ಕಾಣುತ್ತವೆ. ಮೂಳೆಯನ್ನು ನಿಜವಾಗಿಯೂ ಸೇರಿಸಿದ್ದಾರೆ ಎಂಬುದಕ್ಕೆ ಇದೇ ಸಾಕ್ಷಿ. ನಮ್ಮ ಟೇಗು ನಾಲಿಗೆ ಚಾಚಿ ಒಮ್ಮೆ ಪರೀಕ್ಷಿಸಿ, ತಡಮಾಡದೆ ನುಂಗುತ್ತದೆ.

ಬಾಲ್ ಪೈಥಾನ್‌ಗೆ ಮಾತ್ರ ಇದು ಹೇಳಿಸಿದ್ದಲ್ಲ. ತುಟಿಯ ಮೇಲಿನ ಕುಳಿಗಳಿಂದ ಬೇಟೆಯ ಶಾಖವನ್ನು ಗುರುತಿಸುವ ಆ ಹಾವಿಗೆ, ಫ್ರಿಜ್‌ನಲ್ಲಿ ಕರಗಿಸಿ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿದ ಇಡೀ ಇಲಿಯೇ ಮೇಲು. ಅದೇ ಘಟಕದಲ್ಲಿ ಫ್ರೋಜನ್ ಇಲಿಯೂ ಸಿಗುತ್ತದೆ. ಆದರೆ ಅಲ್ಲಿಯ ಪಿಂಕಿ, ಅಂದರೆ ಆಗತಾನೆ ಹುಟ್ಟಿದ ಇಲಿಮರಿಗಳ ಪೊಟ್ಟಣವನ್ನು ದೊಡ್ಡ ಪ್ರಾಣಿಗಳಿಗೆ ನಿತ್ಯದ ಆಹಾರವಾಗಿ ಕೊಳ್ಳಬೇಡಿ. ಎಲುಬು ಇನ್ನೂ ಗಟ್ಟಿಯಾಗದ ಆ ಮರಿಗಳಲ್ಲಿ ಕ್ಯಾಲ್ಸಿಯಂ ಕಡಿಮೆ.

ನನ್ನ ದೊಡ್ಡ ಆಕ್ಷೇಪ ಲೇಬಲ್ಲಿನ ಬಗ್ಗೆ. ಪ್ಯಾಕ್ ಮಾಡಿದ ದಿನಾಂಕವೂ ಇಲ್ಲ, ಪ್ರಯೋಗಾಲಯದ ವಿಶ್ಲೇಷಣೆಯೂ ಇಲ್ಲ. ಫ್ರೀಜರ್‌ನಲ್ಲಿ ಹೆಚ್ಚು ಕಾಲ ಉಳಿದ ಮಾಂಸದಲ್ಲಿ ಕೊಬ್ಬು ಕೆಡುತ್ತದೆ, ವಿಟಮಿನ್ ಇ ಕ್ಷೀಣಿಸುತ್ತದೆ. ಹಾಗಿರುವಾಗ ದಿನಾಂಕವನ್ನು ಗ್ರಾಹಕನೇ ಕೇಳಿ ತಿಳಿಯಬೇಕಾದುದು ಸರಿಯಲ್ಲ. ಅರೆದ ಮಾಂಸದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳು ಒಳಗೆಲ್ಲ ಹರಡಿರಬಹುದಾದ್ದರಿಂದ ಕರಗಿಸುವ ಕ್ರಮವನ್ನೂ ಮುದ್ರಿಸಬೇಕಿತ್ತು.

ಟೇಗು ಸೈಟಿಸ್ (ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಜೀವಿಯಾದ್ದರಿಂದ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯೇ ಎಂದು ಆ ದಂಪತಿ ಮೊದಲೇ ವಿಚಾರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಕೊಳ್ಳುವವರು ಥರ್ಮಾಕೋಲ್ ಪೆಟ್ಟಿಗೆ, ಐಸ್ ಪ್ಯಾಕ್‌ಗಳೊಂದಿಗೆ ತಾವೇ ಹೋಗಿ ತರುವುದು ಕ್ಷೇಮ. ಅವರ ಡೆಲಿವರಿಯಲ್ಲಿ ಒಮ್ಮೆ ಪೊಟ್ಟಣಗಳು ಅರ್ಧ ಕರಗಿಯೇ ನಮ್ಮ ಮನೆ ತಲುಪಿದ್ದವು, ಹಣವನ್ನು ಮಾತ್ರ ತಕರಾರಿಲ್ಲದೆ ಹಿಂದಿರುಗಿಸಿದರು.