ಗ್ಯಾರೇಜಿಗೆ ಹಂಚಾ ಶೀಟಾ? ಎರಡು ಮಳೆಗಾಲ ಎರಡರ ಕೆಳಗೂ ಕೂತು ನೋಡಿದ್ದು

ಮನೆ ತೀರ್ಥಹಳ್ಳಿ ಕಡೆ. ದನ ಕೊಟ್ಟ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೇನ ಗ್ಯಾರೇಜು, ಸಣ್ಣ ವರ್ಕ್‌ಶಾಪು ಮಾಡಣ ಅಂತ ಹೊರಟಾಗ ಅರ್ಧ ಮಾಡು, ಅಂದ್ರೆ ಚಾವಣಿ, ಗಟ್ಟಿ ಇತ್ತು, ಇನ್ನರ್ಧದಲ್ಲಿ ಹಂಚು ಹೊರೋ ಮರದ ಪಕಾಸಿ ಪೂರ್ತಿ ಒರಲೆ ತಿಂದಿತ್ತು. ಹಂಗಾಗಿ ಒಂದು ಕಡೆ ಅಜ್ಜನ ಕಾಲದ ಮಂಗಳೂರು ಹಂಚೇ ಉಳೀತು, ಇನ್ನೊಂದು ಕಡೆ ಮಾಡು ಹೊರೋಕೆ ಕಬ್ಬಿಣದ ಚೌಕಟ್ಟು, ಅಂದ್ರೆ ಟ್ರಸ್, ಕೂರಿಸಿ ಬಣ್ಣದ ತಗಡಿನ ಕಲರ್ ಶೀಟು ಹಾಕಿದ್ವಿ. ಎರಡನ್ನೂ ಪರೀಕ್ಷೆ ಮಾಡಣ ಅಂತ ಏನಲ್ಲ ಮಾರಾಯ್ರೆ, ಕೈಲಿದ್ದ ದುಡ್ಡು ಅಷ್ಟೇ.

ಶೀಟಿನ ಒಳ್ಳೇದು ಮೊದ್ಲು ಹೇಳಿಬಿಡ್ತೀನಿ. ಬೇಗ ಆಗತ್ತೆ. ವೆಲ್ಡಿಂಗ್ ಮಾಡೋ ಗೆಳೆಯ, ಭಾವ, ನಾನು, ಪಕ್ಕದ್ಮನೆ ಹುಡುಗ್ರಿಬ್ರು, ಟ್ರಸ್ ರೆಡಿ ಇದ್ದಿದ್ರಿಂದ ಭಾನುವಾರ ಬೆಳಗ್ಗೆ ಕಡುಬು ತಿಂದು ಹತ್ತಿದೋರು ಸಂಜೆ ಕಾಫಿ ಹೊತ್ತಿಗೆ ಕೆಲಸ ಮುಗಿಸಿ ಇಳಿದ್ವಿ. ನಡುವೆ ಕಂಬ ಬೇಡ, ಜೀಪು ಸೀದಾ ಒಳಗೆ. ಮಂಗ ಎಷ್ಟು ಕುಣಿದ್ರೂ ಒಡೆಯಲ್ಲ. ಹಂಚಿನ ಕಡೆ ಹಂಗಲ್ಲ, ವರ್ಷಾ ಮೇ ತಿಂಗಳಲ್ಲಿ ಒಂದು ದಿನ ಹಂಚು ಕೈಯಾಡಿಸ್ಲೇಬೇಕು, ಮಂಗ ಒಡೆದಿದ್ದು ತೆಗೆದು ಬೇರೆ ಹಾಕ್ಬೇಕು, ಹಾವಸೆ ಉಜ್ಜಬೇಕು.

ಶೀಟಲ್ಲಿ ನಾವೇ ಮಾಡ್ಕೊಂಡ ಎಡವಟ್ಟು ಒಂದಿದೆ. ಮೊದಲ ಸಾಲು ಸ್ಕ್ರೂ ಪೂರ್ತಿ ಶೀಟಿನ ಗುಳೀಲಿ ಹೊಡೆದ್ವಿ, ನೀರು ಹರಿಯೋದೇ ಗುಳೀಲಿ, ರಬ್ಬರ್ ವಾಷರ್ ಎಷ್ಟು ಅಂತ ತಡೀತದೆ? ಆರಿದ್ರಾ ಮಳೆಗೇ ಟಪಟಪ. ಆಮೇಲೆ ಆ ಸಾಲು ಬಿಚ್ಚಿ ತೂತಿಗೆ ಸಿಲಿಕಾನ್ ತುಂಬಿ, ಉಬ್ಬಿನ ಮೇಲೆ ಉದ್ದ ಸ್ಕ್ರೂ ಹೊಡೆದ ಮೇಲೆ ಅದು ನಿಂತಿತು.

ಆದ್ರೂ ಬೆಂಚಿನ ಮೇಲೆ ಹನಿ ನಿಲ್ಲಲಿಲ್ಲ. ಒಂದು ವಾರ ಏಣಿ ಹಾಕಿ ತೂತು ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಒಂದಿನ ಬೆಳಗ್ಗೆ ಮಳೆ ಇಲ್ದಿದ್ರೂ ಹನೀತಾ ಇದ್ದಿದ್ದು ನೋಡಿ ತಲೆಗೆ ಹೋಯ್ತು, ಇದು ಸೋರ್ತಾ ಇಲ್ಲ, ಬೆವರ್ತಾ ಇದೆ. ರಾತ್ರಿ ಶೀಟು ತಣ್ಣಗಾಗತ್ತೆ, ಒಳಗಿನ ಒದ್ದೆ ಗಾಳಿ ಅದಕ್ಕೆ ತಾಗಿ ನೀರಾಗಿ ಇಳಿಯತ್ತೆ. ಪುನರ್ವಸು ಮಳೆ ಮುಗಿಯೋದ್ರೊಳಗೆ ಸಾಮಾನು ಕಚ್ಚಿ ಹಿಡಿಯೋ ವೈಸು, ಉಳಿ, ಗರಗಸ ಎಲ್ಲಾ ಕೆಂಪು. ಹಂಚಿನ ಕೆಳಗೆ ಅದೇ ತಿಂಗಳು ನೇತು ಹಾಕಿದ್ದ ಹಳೇ ಕತ್ತಿಗೆ ಅಷ್ಟು ತುಕ್ಕಿಲ್ಲ. ಹಂಚು ಸ್ವಲ್ಪ ತೇವ ಕುಡಿಯತ್ತೆ, ಸಂದೀಲಿ ಗಾಳಿನೂ ಆಡತ್ತೆ, ಅದಕ್ಕೇ ಇರಬೇಕು.

ಅದೇ ಸಂದೀಲೇ ಎರಚಲೂ ಬರತ್ತೆ ಅನ್ನಿ. ಆಗುಂಬೆ ತರ ವರ್ಷಕ್ಕೆ 7,000 ಮಿ.ಮೀ. ಮೇಲೆ ಹೊಡೆಯೋ ಜಾಗ ಅಲ್ಲ ನಮ್ದು, ಆದ್ರೆ ಪಶ್ಚಿಮದ ಗಾಳಿ ಸೀದಾ ಮಾಡಿಗೇ ಬಡಿಯತ್ತೆ, ಗಾಳಿ ಜೋರಾದಾಗ ಸಣ್ಣ ತುಂತುರು ಒಳಗೆ. ಗೋಡೆ ಕಡೆಗೆ ಸೋಗೆ ತಟ್ಟಿ ಕಟ್ಟಿದ ಮೇಲೆ ಅರ್ಧ ಕಮ್ಮಿ ಆಯ್ತು.

ಸದ್ದಿನ ವಿಷಯ ಹೇಳೋದೇ ಬೇಡ. ಶೀಟಿನ ಕೆಳಗೆ ಮಳೆ ಬರುವಾಗ ಎದುರಿಗಿದ್ದೋನಿಗೆ ಸ್ಪ್ಯಾನರ್ ಕೊಡು ಅಂದ್ರೆ ಎಂತ ಎಂತ ಅಂತಾನೆ. ಏಪ್ರಿಲಲ್ಲಿ ಮಧ್ಯಾಹ್ನ ಅಲ್ಲಿ ನಿಲ್ಲೋಕೂ ಆಗಲ್ಲ.

ಬೆಳಕಿಗೆ ಶೀಟಿನ ಕಡೆ ಎರಡು ಫೈಬರ್ ಶೀಟು ಹಾಕಿದ್ದು ಎರಡನೇ ವರ್ಷಕ್ಕೇ ಮಬ್ಬು. ಹಂಚಿನ ಕಡೆ ಎರಡು ಗಾಜಿನ ಹಂಚು, ಒರೆಸಿದ್ರೆ ಹೊಸದರ ಹಾಗೆ. ಇದ್ರಲ್ಲಿ ಚರ್ಚೆನೇ ಇಲ್ಲ.

ತುಕ್ಕಿಗೆ ಕೊಬ್ರಿ ಎಣ್ಣೆ ಹಚ್ಚಿ ನೋಡಿದೆ, ಅಂಟಂಟಾಗಿ ಧೂಳು ಹಿಡೀತು. ಅದಕ್ಕಿಂತ ಕಬಾಟಿನೊಳಗೆ ಹಳೇ ಕಾಲದ ಝೀರೋ ಬಲ್ಬು ಉರಿಸಿಟ್ಟಿದ್ದು ಚೆನ್ನಾಗಿ ಕೆಲಸ ಮಾಡ್ತು. ಹೆಸರಿಗೆ ಝೀರೋ, 15 ವಾಟ್ ಹತ್ರ ಕರೆಂಟು ತಿನ್ನತ್ತೆ, ಆ ಬಿಸಿನೇ ನಮಗೆ ಬೇಕಾಗಿದ್ದು. ಎಲ್‌ಇಡಿ ಇಟ್ರೆ ಬೆಳಕು ಬರತ್ತೆ ಅಷ್ಟೇ. ಇನ್ನೊಂದು, ಅಡಿಕೆಗೆ ಹೊಡೆಯೋ ಮೈಲುತುತ್ತ (ಕಾಪರ್ ಸಲ್ಫೇಟ್) ತಂದು ಟೂಲ್ಸ್ ಪಕ್ಕ ಇಡ್ಬೇಡಿ, ಒಂದು ಚೀಲದಿಂದ ಉದುರಿದ್ದಕ್ಕೆ ನನ್ನ ಡ್ರಿಲ್ ಬಿಟ್ ಡಬ್ಬಿ ಹೋಯ್ತು.

ಹಂಗಾಗಿ ಈಗ ಜೀಪು, ವೆಲ್ಡಿಂಗು, ಗ್ರೈಂಡರ್ ಕೆಲಸ ಶೀಟಿನ ಕೆಳಗೆ. ಬೆಂಚು, ವೈಸು, ಮರಗೆಲಸ ಹಂಚಿನ ಕೆಳಗೆ. ಹೊಸದಾಗಿ ಕಟ್ಟೋದಾದ್ರೆ ಖರ್ಚು ಜಾಸ್ತಿ ಆದ್ರೂ ನಾನು ಪೂರ್ತಿ ಹಂಚೇ ಹಾಕ್ತಿದ್ದೆ, ಜೀಪಿಗೆ ಬೇಕಾದ್ರೆ ಹೊರಗೆ ಒಂದು ಶೀಟಿನ ಚಾಚು. ಶೀಟಿನ ಕೆಳಗೆ ಅಡಿಕೆ ಮರ ಸೀಳಿದ ದಬ್ಬೆ ಹೊಡೆದ್ರೆ ಹನಿ ನಿಲ್ಲತ್ತೆ ಅಂತಾನೆ ಭಾವ, ದಬ್ಬೆ ಪುಕ್ಕಟೆ ಕೊಡ್ತಾನಂತೆ. ಕಿಡಿ ಹಾರಿದ್ರೆ ಎಲ್ಲಾ ಸುಟ್ಟು ಹೋಗತ್ತೆ, ನಾನು ಅಲ್ಲಿ ವೆಲ್ಡಿಂಗ್ ರಾಡ್ ಹಿಡಿಯಲ್ಲ ಅಂತಾನೆ ಗೆಳೆಯ. ಹಲಸಿನ ಹಲಗೆ ಬೆಂಚು ಆ ಕಡೆಯಿಂದ ಈ ಕಡೆ ಹೊರೋವಾಗ ಇಬ್ರೂ ಇದೇ ಜಗಳ ಆಡ್ತಾ, ನನ್ನ ಕಾಲ ಮೇಲೇ ಇಳಿಸಿದ್ರು.